ಟೋಕನ್ ಮುಟ್ಟದೆ ಸೈಟು ವ್ಯಾಪಾರ: ನನ್ನ ಅನುಭವ

ನಾನು ಸೈಟು ಬ್ರೋಕರ್. ಪತ್ರ ಪರಿಶೀಲಿಸುವ 10 ದಿನ ಮಾರುವವರಿಗೆ ಟೋಕನ್, ಅಂದರೆ ಮುಂಗಡ ಹಣ, ಕೊಡಿಸಲ್ಲ ಎಂದು ತೀರ್ಮಾನಿಸಿದಾಗ, “ಟೋಕನ್ ಇಲ್ಲದೆ ಗಿರಾಕಿ 10 ದಿನ ನಿಲ್ತಾರಾ? ಆಗಲ್ಲ ಬಿಡಿ ಅಣ್ಣ” ಎಂದು ಕೆಂಗೇರಿ ಕಡೆಯ ಬ್ರೋಕರ್ ಗೆಳೆಯರೆಲ್ಲ ಹೇಳಿದ್ದರು. ನಾಲ್ಕು ವರ್ಷ ಆಯ್ತು. ಹೆಚ್ಚುಕಮ್ಮಿ 35 ರಿಜಿಸ್ಟ್ರೇಷನ್ ಮಾಡಿಸಿದ್ದೇನೆ. ಒಂದೂ ಕೋರ್ಟ್ ಮೆಟ್ಟಿಲು ಹತ್ತಿಲ್ಲ.

ಪೆಟ್ಟು ತಿಂದೇ ಕಲಿತಿದ್ದು. 2019ರಲ್ಲಿ 30x40 ಅಡಿಯ ಒಂದು ಸೈಟು. ಇಸಿ (ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ಕ್ಲೀನ್, ಖಾತಾ (ತೆರಿಗೆಗಾಗಿ ಸ್ಥಳೀಯ ಸಂಸ್ಥೆ ಇಡುವ ಆಸ್ತಿ ದಾಖಲೆ) ಸರಿ. 2 ಲಕ್ಷ ಟೋಕನ್ ಕೊಡಿಸಿದೆ. ಆಮೇಲೆ ನೋಡಿದರೆ ಮಾಲೀಕರು ಮೊದಲೇ ಇನ್ನೊಬ್ಬರಿಗೆ ಅಗ್ರಿಮೆಂಟ್ ಬರೆದುಕೊಟ್ಟು 8 ಲಕ್ಷ ಎಣಿಸಿಕೊಂಡಿದ್ದರು. ರಿಜಿಸ್ಟರ್ ಆಗದ ಅಗ್ರಿಮೆಂಟು ಇಸಿಯಲ್ಲಿ ಎಲ್ಲಿಂದ ಬರಬೇಕು? ಗಿರಾಕಿ ನನ್ನ ಮುಖ ನೋಡಿ ದುಡ್ಡು ಕೊಟ್ಟವರು. ಹೆಂಡತಿಯ ಬಳೆ ಅಡವಿಟ್ಟು ನಾನೇ ತುಂಬಿಕೊಟ್ಟೆ. ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು.

ಈಗ ಬೆಲೆ ಕುದುರಿದ ಮೇಲೆ ಚೆಕ್ ಬರೆಸುತ್ತೇನೆ, ಆದರೆ ಅದು ಗಿರಾಕಿಯ ಲಾಯರ್ ಹತ್ತಿರವೇ ಇರುತ್ತದೆ. ಮಾರುವವರಿಗೆ ಅದರ ಫೋಟೋ ಸಾಕು. ಆ 10 ದಿನದಲ್ಲಿ ಒರಿಜಿನಲ್ ಪತ್ರ ಕೈಯಲ್ಲಿ ಹಿಡಿದು ನೋಡಲೇಬೇಕು. “ಒರಿಜಿನಲ್ ಊರಲ್ಲಿದೆ ಸಾರ್” ಅಂದರೆ ಬ್ಯಾಂಕಲ್ಲೋ ಬಡ್ಡಿಯವರ ಹತ್ತಿರವೋ ಇದೆ ಎಂದೇ ನನ್ನ ಲೆಕ್ಕ. ಬರೀ ಪತ್ರ ಇಟ್ಟು ತಂದ ಸಾಲ ಎಷ್ಟೋ ಸಲ ಇಸಿಯಲ್ಲಿ ಕಾಣುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ನೋಡಿ ಸುಮ್ನಾಗಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೇ ಹೋಗುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಸಮಪಾಲು ಅಲ್ವಾ? ರಾಮನಗರದಲ್ಲಿ ಒಬ್ಬ ತಾಯಿ, “ನಮ್ಮಣ್ಣ ಮಾರ್ತಿರೋದೇ ನಂಗೆ ಗೊತ್ತಿಲ್ಲ” ಎಂದು ಕಣ್ಣೀರು ಹಾಕಿದರು. ನನ್ನ 60 ಸಾವಿರ ಕಮಿಷನ್ ಹೋಯ್ತು. ಗಿರಾಕಿಯ 60 ಲಕ್ಷ ಉಳಿಯಿತು. ಹೆಣ್ಣುಮಕ್ಕಳ ಮನೆಯಲ್ಲಿ ಮೊದಲು ಏನು ಕೇಳುತ್ತೇನೆ ಎಂದು ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ಮಾರುವವರು ಉತ್ತರ ಮೊದಲೇ ಹೇಳಿಕೊಟ್ಟಿರುತ್ತಾರೆ.

ಇ-ಖಾತಾ (ಖಾತಾದ ಆನ್‌ಲೈನ್ ರೂಪ) ಬಂದ ಮೇಲೆ ಸುಳ್ಳು ಖಾತಾ ತೋರಿಸುವುದು ಕಷ್ಟವಾಗಿದೆ, ನಿಜ. ಆದರೆ ರಿಜಿಸ್ಟರ್ ಆಗದ ಕೈ ಅಗ್ರಿಮೆಂಟು ಅದರಲ್ಲೂ ಕಾಣಲ್ಲ. ಅದಕ್ಕೆ ಇನ್ನೊಂದು ಪ್ರಯೋಗ ಮಾಡಿದೆ. ತಕರಾರು ಇದ್ದರೆ ತಿಳಿಸಿ ಎಂದು ಕೊಡುವ ಪೇಪರ್ ನೋಟಿಸಿಗೆ ಸುಮಾರು 4 ಸಾವಿರ ಹೋಗುತ್ತಿತ್ತು, ಒಂದು ಫೋನೂ ಬರುತ್ತಿರಲಿಲ್ಲ. ಲಾಯರ್ ಕೇಳುತ್ತಾರೆ, ಹಾಗಾಗಿ ಅದನ್ನು ಬಿಟ್ಟಿಲ್ಲ. ಜೊತೆಗೆ ಸೈಟಿನಲ್ಲೇ 350 ರೂಪಾಯಿಯ ಫ್ಲೆಕ್ಸ್ ಕಟ್ಟಿಸಿದೆ: “ಈ ಸೈಟು ವ್ಯಾಪಾರ ಆಗುತ್ತಿದೆ, ತಕರಾರು ಇದ್ದವರು ಫೋನ್ ಮಾಡಿ.” ಎರಡೇ ದಿನಕ್ಕೆ ಫೋನ್ ಬಂತು. 5 ಲಕ್ಷ ಕೊಟ್ಟು ಅಗ್ರಿಮೆಂಟ್ ಮಾಡಿಸಿಕೊಂಡವರು, ಹಾಲು ತರಲು ಅದೇ ರಸ್ತೆಯಲ್ಲಿ ಓಡಾಡುವವರು!

ಆಮೇಲೆ ಇನ್ನೂ ಎರಡು ಸಲ ಹೀಗೇ ಸಿಕ್ಕಿತು. ಫ್ಲೆಕ್ಸ್ ಬೇಡ ಎನ್ನುವ ಮಾಲೀಕರ ಸೈಟನ್ನು ನಾನು ಗಿರಾಕಿಗೆ ತೋರಿಸುವುದೇ ಇಲ್ಲ.