ಏಳು ಲೈಫ್, ಮೂರು ಕಾರ್ಡ್

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ಭಾವನ ಮನೆಯಲ್ಲಿ ಶನಿವಾರ ಸಂಜೆ ನಾವಿಬ್ಬರೂ ಮ್ಯಾಜಿಕ್ ದಿ ಗ್ಯಾದರಿಂಗ್ ಆಡುತ್ತೇವೆ. 1993ರಲ್ಲಿ ಬಂದ ಕಾರ್ಡ್ ಆಟ. ಎದುರಾಳಿಯ ಲೈಫ್, ಅಂದರೆ ಪ್ರಾಣದ ಅಂಕ, ಸೊನ್ನೆಗೆ ಇಳಿಸಿದವನು ಗೆದ್ದ. ನಾವು ಆಡುವುದು ಪೌಪರ್, ಅಂದರೆ ಕಾಮನ್ ಕಾರ್ಡ್‌ಗಳು ಮಾತ್ರ. ದುಬಾರಿ ಕಾರ್ಡ್ ಇದ್ದವನ ಕೈ ಮೇಲಾಗುವುದಿಲ್ಲ ಎಂಬುದೇ ನನಗೆ ಇದರಲ್ಲಿ ಇಷ್ಟ. ನನ್ನದು ಕೆಂಪು ಡೆಕ್ (ಕಾರ್ಡಿನ ಕಟ್ಟು), ಬೆಂಕಿ ಎಸೆಯುವುದು. ಭಾವನದ್ದು ನೀಲಿ, ತಡೆಯುವುದು.

ತುಂಬಾ ದಿನ ನಾನು ಸೋಲುತ್ತಲೇ ಇದ್ದೆ. ಡೆಕ್ ಸರಿ ಇಲ್ಲ ಅಂದುಕೊಂಡು ಮೊದಲು ಅದನ್ನೇ ರಿಪೇರಿ ಮಾಡಿದೆ. ಮಾನಾ, ಅಂದರೆ ಕಾರ್ಡ್ ಆಡಲು ಬೇಕಾದ ಶಕ್ತಿ, ಕೊಡುವ ಮೌಂಟನ್ ಕಾರ್ಡ್ 22 ಇದ್ದದ್ದನ್ನು 18ಕ್ಕೆ ಇಳಿಸಿದೆ. 60 ಕಾರ್ಡಿನಲ್ಲಿ 18 ಅಂದರೆ ಮೊದಲ ಏಳು ಕಾರ್ಡಿನಲ್ಲಿ ಸರಾಸರಿ ಎರಡು ಮೌಂಟನ್ ಸಿಗುತ್ತವೆ. ನನ್ನ ಕಾರ್ಡ್‌ಗಳಿಗೆ ಅಷ್ಟು ಸಾಕು. ಒಂದೇ ಮೌಂಟನ್ ಬಂದರೆ ಈಗ ಹಿಂದೆಮುಂದೆ ನೋಡದೆ ಕೈ ಬದಲಿಸುತ್ತೇನೆ. 2019ರಿಂದ ಹೊಸದಾಗಿ ಏಳು ಎಳೆದು, ಬೇಡದ ಒಂದನ್ನು ಡೆಕ್ಕಿನ ಅಡಿಗೆ ಇಡುವ ನಿಯಮ ಇದೆ. ನಷ್ಟ ಜಾಸ್ತಿ ಇಲ್ಲ.

ಆದರೂ ಸೋಲು ನಿಲ್ಲಲಿಲ್ಲ. ತಪ್ಪಿದ್ದದ್ದು ಹೊತ್ತಿನಲ್ಲಿ. ಲೈಟ್ನಿಂಗ್ ಬೋಲ್ಟ್‌ಗೆ ಬೇಕಾದದ್ದು ಒಂದು ಮಾನಾ, ಕೊಡುವ ಪೆಟ್ಟು 3. ಕೈಗೆ ಬಂದ ಕೂಡಲೇ ನನ್ನ ಟರ್ನಿನಲ್ಲೇ ಎಸೆದುಬಿಡುತ್ತಿದ್ದೆ. ಭಾವನ ಐಲ್ಯಾಂಡ್‌ಗಳೆಲ್ಲ (ಅವನಿಗೆ ಮಾನಾ ಕೊಡುವ ಕಾರ್ಡ್‌ಗಳು) ಖರ್ಚಾಗದೆ ನೆಟ್ಟಗೆ ನಿಂತಿರುತ್ತಿದ್ದವು. ಎರಡನ್ನು ಟ್ಯಾಪ್ ಮಾಡಿ, ಅಂದರೆ ಮಾನಾಕ್ಕಾಗಿ ಅಡ್ಡ ಮಲಗಿಸಿ, ಎದುರಾಳಿಯ ಕಾರ್ಡನ್ನು ರದ್ದು ಮಾಡುವ ಕೌಂಟರ್‌ಸ್ಪೆಲ್ ಹಾಕುತ್ತಿದ್ದ, ಬೋಲ್ಟ್ ದಂಡ. "ಎಂಥ ಮಾರಾಯ, ಸ್ವಲ್ಪ ಕಾಯಬಾರದಾ?" ಅಂತ ಅವನೇ ಕೇಳುತ್ತಿದ್ದ. ನಮ್ಮ ಅಜ್ಜಿ ಆಟಿ ತಿಂಗಳಲ್ಲಿ ಚೆನ್ನೆಮಣೆಗೆ ಕೂತರೆ, ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಕಣ್ಣಲ್ಲೇ ಲೆಕ್ಕ ಹಾಕದೆ ಗುಳಿಗೆ ಕೈ ಹಾಕುತ್ತಿರಲಿಲ್ಲ. ಆ ತಾಳ್ಮೆ ನಾನು ಕಲಿಯಬೇಕಿತ್ತು.

(ಎಲ್ಲರ ಎದುರೂ ಕಾಯಬೇಕು ಅಂತಲ್ಲ. ಹಸಿರು ಡೆಕ್ಕಿನವರು ಮೊದಲ ಟರ್ನಿನಲ್ಲೇ ಮಾನಾ ಕೊಡುವ ಜೀವಿ ಲಾನೊವಾರ್ ಎಲ್ವ್ಸ್ ಇಳಿಸಿದರೆ ಆಗಲೇ ಹೊಡೆಯಬೇಕು. ಬಿಟ್ಟರೆ ಎರಡನೇ ಟರ್ನಿಗೇ ಅವರ ಹತ್ತಿರ ಮೂರು ಮಾನಾ.)

ಕಳೆದ ಜುಲೈಯ ಒಂದು ಆಟ ಹೇಳುತ್ತೇನೆ. ಹೊರಗೆ ಜೋರು ಮಳೆ, ಕರೆಂಟು ಇಲ್ಲ. ಗೋಳಿಬಜೆ ತಿಂದ ಕೈ ತೊಳೆದು ಬಂದು ಕೂತೆವು. ತೇವಕ್ಕೆ ಕಾರ್ಡಿನ ಪ್ಲಾಸ್ಟಿಕ್ ಸ್ಲೀವ್‌ಗಳು ಒಂದಕ್ಕೊಂದು ಅಂಟುತ್ತಿದ್ದವು. 20ರಿಂದ ಶುರುವಾದ ಭಾವನ ಲೈಫ್ 7ಕ್ಕೆ ಇಳಿದಿತ್ತು. ನನ್ನ ಮುಂದೆ ಮೂರು ಮೌಂಟನ್, ಕೈಯಲ್ಲಿ ಎರಡು ಬೋಲ್ಟ್, ಒಂದು ಫೈರ್‌ಬ್ಲಾಸ್ಟ್. ಅವನ ನಾಲ್ಕು ಐಲ್ಯಾಂಡ್‌ಗಳಲ್ಲಿ ಎರಡು ಖರ್ಚಾಗಿ ಎರಡು ಉಳಿದಿದ್ದವು.

"ಮುಗೀತು, ನಿನ್ನ ಟರ್ನ್" ಅಂದ.

"ನಿಲ್ಲು ಭಾವ" ಅಂದೆ. ಅವನ ಟರ್ನಿನ ಕೊನೆಯಲ್ಲೇ ಒಂದು ಬೋಲ್ಟ್ ಎಸೆದೆ. ಅವನು ಕೈಯಲ್ಲಿದ್ದ ಕಾರ್ಡಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತ. ಆಮೇಲೆ ಎರಡೂ ಐಲ್ಯಾಂಡ್ ಅಡ್ಡ ಮಲಗಿಸಿ ತಡೆದ. ನನಗೆ ಬೇಕಿದ್ದದ್ದು ಅದೇ. ಮಲಗಿದ ಐಲ್ಯಾಂಡ್ ಏಳುವುದು ಅವನ ಮುಂದಿನ ಟರ್ನಿಗೆ, ನಡುವೆ ನನ್ನ ಟರ್ನ್ ಪೂರ್ತಿ ಖಾಲಿ. ಒಂದು ಮೌಂಟನ್ ಎಳೆದು ಇಳಿಸಿದೆ. ಎರಡನೇ ಬೋಲ್ಟ್‌ಗೆ 7 ಹೋಗಿ 4. ಫೈರ್‌ಬ್ಲಾಸ್ಟ್‌ಗೆ ಮಾನಾ ಕೊಡಬೇಕೆಂದಿಲ್ಲ, ಎರಡು ಮೌಂಟನ್ ಬಲಿ ಕೊಟ್ಟರೂ ನಡೆಯುತ್ತದೆ. ಅದರ ಪೆಟ್ಟು 4. ಆಟ ಮುಗಿಯಿತು.

ಕಾರ್ಡ್ ಜೋಡಿಸುತ್ತಾ ಅದೇ ಆಟವನ್ನು ಮತ್ತೆ ಹರಡಿ ನೋಡಿದೆವು. ಭಾವ ಎರಡೂ ಬೋಲ್ಟ್ ತಿಂದು ಫೈರ್‌ಬ್ಲಾಸ್ಟನ್ನು ಮಾತ್ರ ತಡೆದಿದ್ದರೆ 1 ಲೈಫಿನಲ್ಲಿ ಉಳಿಯುತ್ತಿದ್ದ. ನನ್ನ ಕೈ ಖಾಲಿ, ಎದುರಿಗೆ ಎರಡೇ ಮೌಂಟನ್. ನನ್ನ ಮೂರು ಕಾರ್ಡ್ ಸೇರಿ 10, ಅದರಲ್ಲಿ ದೊಡ್ಡದು ಹೋದರೆ 6. ಅವನು 7ರಲ್ಲಿದ್ದ. ಈಗ ನೀಲಿ ಡೆಕ್ ಎದುರಿಗಿದ್ದರೆ ಕೈಯಲ್ಲಿರುವ ದೊಡ್ಡ ಕಾರ್ಡನ್ನು ಬಿಟ್ಟೇ ಕೂಡಿಸುತ್ತೇನೆ.

ಆ ಒಂದು ಲೈಫ್ ಎಲ್ಲಿ ತಪ್ಪಿತು ಅಂತಲೂ ಹುಡುಕಿದೆವು. ನಾಲ್ಕನೇ ಟರ್ನಿನಲ್ಲಿ ಭಾವನ ಕಡೆ ಅಡ್ಡ ನಿಲ್ಲಲು ಯಾರೂ ಇರಲಿಲ್ಲ. ನನ್ನ ಕಡೆ 1 ಪೆಟ್ಟು ಕೊಡುವ ಗಾಬ್ಲಿನ್ ಎಂಬ ಜೀವಿ ಇತ್ತು. ಕಾವಲಿಗೆ ಇರಲಿ ಅಂತ ಅದನ್ನು ಸುಮ್ನೆ ಕೂರಿಸಿದ್ದೆ.