ನಾಲ್ಕನೇ ಸಿಲಿಂಡರಿನ ತಕರಾರು: ಸೂಪರ್‌ಚಾರ್ಜರ್ ಇದ್ದ ಮಿಯಾಟಾಕ್ಕೆ ಹೆಡ್ ಗ್ಯಾಸ್ಕೆಟ್ ಹಾಕಿದ್ದು

ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ, ಮೂಗಿಗೆ ಕೂಲೆಂಟಿನ ಸಿಹಿ ವಾಸನೆ. ಮೊದಲ ಅರ್ಧ ನಿಮಿಷ ಎಂಜಿನ್ ಕುಂಟುತ್ತದೆ, ಆಮೇಲೆ ಏನೂ ಆಗದವರ ಹಾಗೆ ಓಡುತ್ತದೆ. ಇಷ್ಟು ಹೇಳಿದರೆ ಸಾಕು, ಊರಿನ ಯಾವ ಗ್ಯಾರೇಜಿನ ಹುಡುಗನಾದರೂ ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್’ ಎನ್ನುತ್ತಾನೆ, ಅಂದರೆ ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ನೀರು, ಎಣ್ಣೆ, ಉರಿಯುವ ಗ್ಯಾಸ್ ಬೆರೆಯದಂತೆ ತಡೆಯುವ ಹಾಳೆ ಕೆಟ್ಟಿದೆ ಎಂದು. ಅದು ನನಗೂ ಗೊತ್ತಿತ್ತು. ಯಾಕೆ ಹೋಯಿತು ಅನ್ನುವುದು ಗೊತ್ತಾಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು ಎಂದುಕೊಂಡೆ. ಕಾರಣ ಹಾಗೇ ಉಳಿದರೆ ಹೊಸ ಗ್ಯಾಸ್ಕೆಟ್ಟೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕಾರು 1995ರ ಮಾಜ್ದಾ ಮಿಯಾಟಾ, ಎರಡೇ ಸೀಟಿನದು. ಇಲ್ಲಿ ಡಲ್ಲಾಸಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಎಂಜಿನ್ 1839 ಸಿಸಿ; ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಹಿಂದಿನ ಮಾಲೀಕ ಅದಕ್ಕೆ ಈಟನ್ ಎಂ45 ಸೂಪರ್‌ಚಾರ್ಜರ್ ಕೂರಿಸಿದ್ದ. ಕ್ರ್ಯಾಂಕ್ ಪುಲ್ಲಿಯ ಬೆಲ್ಟಿನಿಂದ ತಿರುಗಿ ಸುಮಾರು 6 ಪಿಎಸ್‌ಐ ಒತ್ತಡದ ಗಾಳಿ ತುಂಬುತ್ತದೆ. ಆ ಗಾಳಿಯನ್ನು ತಂಪು ಮಾಡಲು ಇಂಟರ್‌ಕೂಲರ್ ಇಲ್ಲ. ಆದರೆ ಒಳಗಿನ ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಲೆಕ್ಕ, ಕಂಪನಿ ಕೊಟ್ಟ 9:1 ಹಾಗೇ ಇದೆ. ಬಿಸಿ ಗಾಳಿ, ಹೆಚ್ಚು ಕಂಪ್ರೆಶನ್, ಮೇಲೆ ಟೆಕ್ಸಾಸಿನ ಬಿಸಿಲು. ಇಂಥ ಎಂಜಿನ್ನಿನಲ್ಲಿ ಕಿಡಿ ಸ್ವಲ್ಪ ಬೇಗ ಹೊತ್ತಿದರೂ ನಾಕಿಂಗ್ ಶುರು: ಪೆಟ್ರೋಲ್ ಹದವಾಗಿ ಉರಿಯುವ ಬದಲು ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯ ಹಾಗೆ ಬಡಿಯುತ್ತದೆ.

ಹಾಗಾಗಿ ಎಂಜಿನ್ ಇನ್ನೂ ಓಡುತ್ತಿದ್ದಾಗಲೇ ಟೈಮಿಂಗ್ ಲೈಟ್ ಹಿಡಿದು ನೋಡಿದೆ. ಬಾನೆಟ್ ಕೆಳಗಿನ ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ‘ಟೆನ್’ ಮತ್ತು ‘ಗ್ರೌಂಡ್’ ಎಂಬ ಎರಡು ತೂತುಗಳಿಗೆ ಒಂದು ತುಂಡು ವೈರ್ ಸಿಕ್ಕಿಸಿದರೆ ಕಂಪ್ಯೂಟರ್ ತನ್ನ ತಿದ್ದುಪಡಿ ಬಿಟ್ಟು ಮೂಲ ಟೈಮಿಂಗ್ ತೋರಿಸುತ್ತದೆ, ಅಂದರೆ ಪಿಸ್ಟನ್ ತುದಿ ಮುಟ್ಟುವುದಕ್ಕೆ ಕ್ರ್ಯಾಂಕಿನ ಎಷ್ಟು ಡಿಗ್ರಿ ಮುಂಚೆ ಕಿಡಿ ಹೊತ್ತುತ್ತದೆ ಎಂಬುದನ್ನು. ಇರಬೇಕಾದದ್ದು 10 ಡಿಗ್ರಿ, ಇದ್ದದ್ದು 14. ಮಿಯಾಟಾ ಓಡಿಸುವವರಲ್ಲಿ ಇದು ಹಳೆಯ ಚಾಳಿ: ಕಿಡಿಯ ಹೊತ್ತನ್ನು ಕಂಪ್ಯೂಟರಿಗೆ ಹೇಳುವ ಕ್ಯಾಮ್ ಆಂಗಲ್ ಸೆನ್ಸರನ್ನು ಸ್ವಲ್ಪ ತಿರುಗಿಸಿ 14 ಮಾಡಿದರೆ ಎಳೆತ ಹೆಚ್ಚುತ್ತದೆ. ಸೂಪರ್‌ಚಾರ್ಜರ್ ಇಲ್ಲದ ಕಾರಿಗೆ ಅದು ಪರವಾಗಿಲ್ಲ. ಆದರೆ ಸೂಪರ್‌ಚಾರ್ಜರ್ ಹಾಕಿದ ಮೇಲೂ ಹಾಗೇ ಬಿಟ್ಟರೆ ಗ್ಯಾಸ್ಕೆಟ್ಟಿಗೆ ಉಳಿಗಾಲವಿಲ್ಲ.

ಪರೀಕ್ಷೆಗಳು ಬೇಗ ಮುಗಿದವು. ರೇಡಿಯೇಟರ್ ಬಾಯಿಗಿಟ್ಟ ನೀಲಿ ದ್ರಾವಣ ಹಳದಿಗೆ ತಿರುಗಿತು, ಅಂದರೆ ಸುಟ್ಟ ಹೊಗೆ ನೀರಿಗೆ ಸೇರುತ್ತಿದೆ. ಕಂಪ್ರೆಶನ್ ಮೊದಲ ಮೂರು ಸಿಲಿಂಡರಿನಲ್ಲಿ 170 ಪಿಎಸ್‌ಐ ಆಸುಪಾಸು, ನಾಲ್ಕನೆಯದರಲ್ಲಿ 115. ನಾಲ್ಕನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಕಪ್ಪು, ಬೆಳ್ಳಿ ಬಣ್ಣದ ಚುಕ್ಕೆಗಳು. ನಾಕಿಂಗಿನ ಏಟಿಗೆ ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ ಅದು.

ನಾಲ್ಕನೆಯದೇ ಯಾಕೆ? ಅದಕ್ಕೆ ಈ ಎಂಜಿನ್ನಿನ ವಂಶಾವಳಿಯನ್ನೇ ಕೇಳಬೇಕು. ಮಾಜ್ದಾ ಈ ಬಗೆಯ ಎಂಜಿನ್ನನ್ನು ಮೊದಲು ಮುಂದಿನ ಚಕ್ರ ಎಳೆಯುವ 323 ಕಾರುಗಳಿಗಾಗಿ ಮಾಡಿತ್ತು. ಅಲ್ಲಿ ಅಡ್ಡಡ್ಡ ಕೂತ ಎಂಜಿನ್ನಿನ ಒಂದು ತುದಿಯಲ್ಲಿ ನೀರು ಒಳಗೆ ಬಂದು, ನಾಲ್ಕೂ ಸಿಲಿಂಡರ್ ದಾಟಿ, ಇನ್ನೊಂದು ತುದಿಯಲ್ಲಿ ಹೊರಗೆ ಹೋಗುತ್ತಿತ್ತು. ಮಿಯಾಟಾಕ್ಕೆ ಅದನ್ನು ಉದ್ದುದ್ದ ತಿರುಗಿಸಿ ಕೂರಿಸಿದಾಗ ಆ ಇನ್ನೊಂದು ತುದಿ ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆಗೆ ಹತ್ತಿತು, ಪೈಪಿಗೆ ಜಾಗವಿಲ್ಲ. ನೀರು ಹೊರಹೋಗುವ ಬಾಯಲ್ಲಿ ಕೂರುವ ಥರ್ಮೋಸ್ಟಾಟನ್ನು ಮುಂದಕ್ಕೆ ತಂದರು. ಈಗ ನೀರು ಮುಂದೆ ಬಂದು ಮುಂದೆಯೇ ಹೋಗುತ್ತದೆ. ಹಿಂದಿನ ನಾಲ್ಕನೇ ಸಿಲಿಂಡರಿಗೆ ಹೀಟರ್ ಪೈಪಿನಲ್ಲಿ ಹರಿದಷ್ಟೇ ಭಾಗ್ಯ. 128 ಅಶ್ವಶಕ್ತಿಗೆ ಅದು ಸಾಕಾಗುತ್ತಿತ್ತು. ಕಂಪನಿಯನ್ನು ನಾನು ದೂರುವುದಿಲ್ಲ, ಅವರು ಸೂಪರ್‌ಚಾರ್ಜರ್ ಲೆಕ್ಕ ಹಾಕಿರಲಿಲ್ಲ.

ಬಿಚ್ಚುವ ಕೆಲಸದಲ್ಲಿ ವಿಶೇಷವೇನಿಲ್ಲ, ತಾಳ್ಮೆ ಬೇಕು ಅಷ್ಟೆ. ಡಿಕ್ಕಿಯಲ್ಲಿರುವ ಬ್ಯಾಟರಿ ಕಳಚಿ, ಪೆಟ್ರೋಲ್ ಲೈನಿನ ಒತ್ತಡ ಇಳಿಸಿ, ಕೂಲೆಂಟ್ ಬಸಿದು, ರೇಡಿಯೇಟರ್ ಹೊರಗಿಟ್ಟೆ. ಸೂಪರ್‌ಚಾರ್ಜರನ್ನು ಬ್ರಾಕೆಟ್ ಸಮೇತ ಎತ್ತಿ, ಎರಡೂ ಬಾಯಿಗೆ ಟೇಪ್ ಸುತ್ತಿದೆ; ಒಳಗಿನ ರೋಟರುಗಳ ನಡುವಿನ ಸಂದು ಕೂದಲೆಳೆಯಷ್ಟು, ಒಂದು ವಾಷರ್ ಬಿದ್ದರೂ ಕತೆ ಮುಗಿಯಿತು. ಪ್ರತಿ ವ್ಯಾಕ್ಯೂಮ್ ಪೈಪಿಗೂ ನಂಬರ್ ಬರೆದ ಚೀಟಿ. ಇಂಟೇಕ್ ಮ್ಯಾನಿಫೋಲ್ಡಿನ ಕೆಳಗಿನ ಆಧಾರಪಟ್ಟಿಯ ಬೋಲ್ಟ್ ಮಾತ್ರ ಬೈಗುಳ ಕೇಳದೆ ಬರಲಿಲ್ಲ.

ಟೈಮಿಂಗ್ ಬೆಲ್ಟ್ ಕಳಚುವ ಮುಂಚೆ ಒಂದನೇ ಸಿಲಿಂಡರನ್ನು ಮೇಲಕ್ಕೆ ತಂದು, ವಾಲ್ವು ತೆರೆಯುವ ಕ್ಯಾಮುಗಳ ಪುಲ್ಲಿಗಳ ಮೇಲಿನ ‘ಐ’ (ಇಂಟೇಕ್), ‘ಇ’ (ಎಕ್ಸಾಸ್ಟ್) ಗುರುತುಗಳ ಫೋಟೋ ತೆಗೆದುಕೊಂಡೆ. ಹೆಡ್ಡನ್ನು ಹೇಗೂ ಮಷಿನ್ ಶಾಪಿಗೆ ಒಯ್ಯಬೇಕಿತ್ತು, ಕ್ಯಾಮುಗಳನ್ನೂ ಹೊರಗೆ ತೆಗೆದೆ. ಅವುಗಳ ಕೆಳಗೆ 16 ಹೈಡ್ರಾಲಿಕ್ ಟ್ಯಾಪೆಟ್. ಯಾವುದು ಎಲ್ಲಿತ್ತೋ ಮತ್ತೆ ಅಲ್ಲಿಗೇ ಹೋಗಬೇಕು, ನೆಟ್ಟಗೇ ನಿಂತಿರಬೇಕು. ಮನೆಯಲ್ಲಿದ್ದ ಹಳೆಯ ಇಡ್ಲಿ ಸ್ಟ್ಯಾಂಡಿನಲ್ಲಿ ನಾಲ್ಕು ಕುಳಿಯ ನಾಲ್ಕು ತಟ್ಟೆ, ಸಿಲಿಂಡರಿಗೊಂದು ತಟ್ಟೆ. ಅದು ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಆ ವಿಷಯ ಇಲ್ಲಿಗೇ ಬಿಡೋಣ.

ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪಸ್ವಲ್ಪವೇ ಸಡಿಲಿಸಿದೆ. ಎತ್ತಲು ಶಿವಮೊಗ್ಗದ ಗೆಳೆಯ ಬಂದಿದ್ದ. ‘ಮಾರಾಯ, ಇದನ್ನ ಮಾರಿ ಒಂದು ಕ್ಯಾಮ್ರಿ ತಗೊಳೋದಲ್ವನಾ’ ಎನ್ನುತ್ತಲೇ ಆ ಕಡೆ ಹಿಡಿದ. ಕೆಳಗೆ ನೋಡಿದರೆ ಮೂರು ಪಿಸ್ಟನ್ ಮಸಿ ಹಿಡಿದಿವೆ, ನಾಲ್ಕನೆಯದು ಉಗಿಯಲ್ಲಿ ತೊಳೆದು ಫಳಫಳ. ಗ್ಯಾಸ್ಕೆಟ್ಟಿನ ಲೋಹದ ಉಂಗುರ ಅಲ್ಲೇ, ನೀರಿನ ತೂತಿನ ಕಡೆ, ಬಿಟ್ಟುಕೊಂಡಿತ್ತು.

ಮುಂದಿನದು ಯಾರೂ ಇಷ್ಟಪಡದ ಕೆಲಸ: ಒರೆಸುವುದು. ನನ್ನ ಮಟ್ಟಿಗೆ ಗ್ಯಾಸ್ಕೆಟ್ ನಿಲ್ಲುವುದೋ ಬಿಡುವುದೋ ತೀರ್ಮಾನವಾಗುವುದು ಇಲ್ಲೇ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹೆಡ್ ಪ್ರತಿ ಸಲವೂ ಗ್ಯಾಸ್ಕೆಟ್ ಮೇಲೆ ತುಸು ಸರಿದಾಡುತ್ತದೆ. ನಡುವೆ ಹಳೆಯ ಚೂರೊಂದು ಉಳಿದರೂ ಅದು ಕೊರೆಯುತ್ತಾ ಹೋಗುತ್ತದೆ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಬಿಲ್ಲೆಗಳನ್ನು ಮುಟ್ಟಲಿಲ್ಲ. ಅವುಗಳಿಂದ ಉದುರುವ ಪುಡಿ ಎಣ್ಣೆಯೊಂದಿಗೆ ಬೇರಿಂಗಿಗೆ ಇಳಿಯುತ್ತದೆ. ಜನರಲ್ ಮೋಟಾರ್ಸ್ ತನ್ನ ಮೆಕ್ಯಾನಿಕ್‌ಗಳಿಗೆ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. ಬ್ಲಾಕಿನ ಮೇಲೆ ಬ್ಲೇಡು, ಬ್ರೇಕ್ ಕ್ಲೀನರ್, ಬಟ್ಟೆ. ಬೋಲ್ಟ್ ಕುಳಿಗಳ ತಳದಲ್ಲಿ ನೀರು, ಎಣ್ಣೆ ನಿಲ್ಲದಂತೆ ಗಾಳಿ ಹೊಡೆದು ಒಣಗಿಸಿದೆ. ನಿಂತಿದ್ದರೆ ಬೋಲ್ಟ್ ಬಿಗಿಯಾಗದೆಯೇ ಟಾರ್ಕ್ ರೆಂಚ್ ‘ಕಟ್’ ಎನ್ನುತ್ತದೆ, ಕೆಟ್ಟ ಗಳಿಗೆಯಾದರೆ ಬ್ಲಾಕೇ ಬಿರುಕು ಬಿಡುತ್ತದೆ.

ಮಷಿನ್ ಶಾಪಿನವರು ಹೆಡ್ಡಿಗೆ ಒತ್ತಡ ಕೊಟ್ಟು ಬಿರುಕಿಲ್ಲ ಎಂದರು. ಕರ್ಣರೇಖೆಯಲ್ಲಿ ಪಟ್ಟಿಯಿಟ್ಟರೆ ಸಣ್ಣ ಬಾಗು ಇತ್ತು. ‘ಫೇಸಿಂಗ್ ಹೊಡೆಯಿರಿ, ಆದರೆ ಬೇಕಾದಷ್ಟಕ್ಕಿಂತ ಒಂದು ಎಳೆಯೂ ಹೆಚ್ಚು ಬೇಡ’ ಎಂದು ಹೇಳಿಬಂದೆ, ಯಾಕೆಂದರೆ ಹೆಡ್ ಸವೆದಷ್ಟೂ ಕಂಪ್ರೆಶನ್ ಏರುತ್ತದೆ. ಹಾಕಿದ್ದು ಪದರ ಪದರದ ಉಕ್ಕಿನ ಗ್ಯಾಸ್ಕೆಟ್, ಅದಕ್ಕೆ ನುಣುಪಾದ ಮೇಲ್ಮೈ ಬೇಕು. ಯಾವ ಅಂಟನ್ನೂ ಬಳಿಯಲಿಲ್ಲ.

ಸೂಪರ್‌ಚಾರ್ಜರ್ ಅಂದರೆ ಬೋಲ್ಟಿನ ಬದಲು ದುಬಾರಿ ಹೆಡ್ ಸ್ಟಡ್ (ಬ್ಲಾಕಿನಲ್ಲಿ ನೆಟ್ಟು ಮೇಲೆ ನಟ್ ಬಿಗಿಯುವ ಸರಳು) ಹಾಕಲೇಬೇಕು ಅನ್ನುವವರಿದ್ದಾರೆ. 6 ಪಿಎಸ್‌ಐಗೆ ಮಾಜ್ದಾದ ಮಾಮೂಲಿ ಬೋಲ್ಟೇ ಸಾಕು ಎಂಬುದು ನನ್ನ ಅಭಿಪ್ರಾಯ. ನಾಕಿಂಗ್ ನಿಲ್ಲಿಸದಿದ್ದರೆ ಸ್ಟಡ್ಡೂ ಕಾಯುವುದಿಲ್ಲ. ಹೊಸ ಹತ್ತು ಬೋಲ್ಟಿನ ಥ್ರೆಡ್ಡಿಗೆ ಎಂಜಿನ್ ಆಯಿಲ್ ಸವರಿ, ನಡುವಿನಿಂದ ಹೊರಕ್ಕೆ, ಹಂತಹಂತವಾಗಿ 80 ನ್ಯೂಟನ್ ಮೀಟರಿಗೆ ತಂದೆ. ಕಂಪನಿಯ ಮಿತಿ 76ರಿಂದ 81. ಬೆಲ್ಟ್ ಕೂರಿಸುವಾಗ ಎರಡು ಕ್ಯಾಮ್ ಗುರುತುಗಳ ನಡುವೆ 19 ಹಲ್ಲು ಎಣಿಸಿಕೊಳ್ಳಬೇಕು. ಆಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ಎಣಿಸಬೇಕು.

ಅದೇ ಹೊತ್ತಿಗೆ ಥರ್ಮೋಸ್ಟಾಟನ್ನು ಹೆಡ್ಡಿನ ಹಿಂಬದಿಗೆ ಸಾಗಿಸಿದೆ. ಹಿಂದಿನ ಬಾಯಿಗೆ ಒಂದು ಸ್ಪೇಸರ್, ಅಲ್ಲಿಂದ ಎಂಜಿನ್ನಿನ ಪಕ್ಕದಲ್ಲಿ ರೇಡಿಯೇಟರಿನ ತಲೆಗೆ ಉದ್ದನೆಯ ಪೈಪು, ಮುಂದಿನ ಬಾಯಿಗೆ ಮುಚ್ಚಳ. ನೀರು ಈಗ ನಾಲ್ಕನೆಯದನ್ನು ಮುಟ್ಟಿಯೇ ಹೊರಗೆ ಹೋಗಬೇಕು. ಹೆಡ್ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದು ಕಷ್ಟ; ಹೀಟರ್ ಪೈಪು, ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗ್ ಕೂಡ ಆಗಲೇ ಬದಲಾಯಿಸಿಕೊಳ್ಳಿ. ಎಣ್ಣೆ ಸೋರುವ ಆ ಓ-ರಿಂಗಿನ ಬೆಲೆ ಕೆಲವೇ ಡಾಲರ್.

ಕಾರಿನ ಮೂತಿ ಎತ್ತರಕ್ಕಿಟ್ಟು, ಹೀಟರ್ ಪೂರ್ತಿ ತೆರೆದು, ಗಾಳಿಯ ಗುಳ್ಳೆ ನಿಲ್ಲುವ ತನಕ ಕೂಲೆಂಟ್ ತುಂಬಿಸಿದೆ. ಮೂಲ ಟೈಮಿಂಗ್ 10ಕ್ಕೆ ಇಳಿಸಿದೆ. ಈಗ ನಾಕಿಂಗ್ ತಡೆಯುವ 93 ಆಕ್ಟೇನ್ ಬಿಟ್ಟು ಬೇರೆ ಪೆಟ್ರೋಲ್ ಹಾಕುವುದಿಲ್ಲ. ಈ ಕಾರಿನ ಟೆಂಪರೇಚರ್ ಮುಳ್ಳು ಎಂಜಿನ್ ಕಾಯುತ್ತಾ ಬಂದರೂ ನಡುವಿನಿಂದ ಅಲ್ಲಾಡುವುದಿಲ್ಲ, ಹಾಗಾಗಿ ಹೆಡ್ಡಿನ ಹಿಂಬದಿಗೆ ಬೇರೆ ಸೆನ್ಸರ್ ಇಟ್ಟು ಡಿಗ್ರಿ ತೋರಿಸುವ ಮೀಟರ್ ಹಾಕಿದ್ದೇನೆ. ಒಂದು ಬೇಸಿಗೆ ಕಳೆದ ಮೇಲೆ ಮತ್ತೆ ರೇಡಿಯೇಟರ್ ಬಾಯಿಗೆ ದ್ರಾವಣ ಇಟ್ಟು ನೋಡಿದೆ, ನೀಲಿಯಾಗಿಯೇ ಉಳಿಯಿತು. ನಾಲ್ಕನೇ ಪ್ಲಗ್ಗಿನ ಬಣ್ಣ ಉಳಿದ ಮೂರರ ಹಾಗೇ ಇದೆ. ಕ್ಲಚ್ ಮಾತ್ರ ಈಗ ಜಾರಲು ಶುರುಮಾಡಿದೆ.