ಸಿಟಿ ಕಾರು ಯಾವ ಜನರೇಶನ್ ಅಂತ ನೋಡಿ ಹೇಳೋದು ಹೇಗೆ? ಮೊದ್ಲು ಮುಂದೆ ನಿಂತ್ಕೊಳ್ಳೋದು ಬಿಡಿ

ಹೋಂಡಾ ಸಿಟಿ ನಮ್ಮ ದೇಶಕ್ಕೆ ಬಂದಿದ್ದು 1998ರ ಜನವರಿಲಿ. ಅಲ್ಲಿಂದ ಇಲ್ಲಿವರೆಗೆ ಐದು ಜನರೇಶನ್ ಆಗಿದೆ, ಪ್ರತಿಯೊಂದಕ್ಕೂ ಮಧ್ಯದಲ್ಲಿ ಒಂದು ಫೇಸ್‌ಲಿಫ್ಟ್ (ಅದೇ ಕಾರಿಗೆ ಮುಖ ಬದಲಾಯಿಸೋದು), ಅಂದ್ರೆ ರೋಡಲ್ಲಿ ಹತ್ತು ಥರದ ಸಿಟಿ ಓಡಾಡ್ತಾ ಇವೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು, ಸ್ಪೇರ್ ಹುಡುಕೋರು, ಸುಮ್ನೆ ಕಾರ್ ಹುಚ್ಚಿರೋರು ಎಲ್ರೂ ಕೇಳೋದು ಒಂದೇ, "ಇದು ಯಾವ ಸಿಟಿ?" ಕೇಳ್ಬಿಟ್ಟು ಎಲ್ರೂ ಹೋಗಿ ನಿಂತ್ಕೊಳ್ಳೋದು ಕಾರಿನ ಮುಂದೆ, ಗ್ರಿಲ್ ನೋಡ್ಕೊಂಡು. ಅಲ್ಲೇ ಎಡವೋದು.

ಯಾಕೆ ಅಂದ್ರೆ ಗ್ರಿಲ್, ಬಂಪರ್, ಹೆಡ್‌ಲೈಟ್ ಇವೆಲ್ಲ ಬಿಚ್ಚಿ ಹಾಕೋ ಐಟಂ. ಫೇಸ್‌ಲಿಫ್ಟ್ ಅಂದಾಗ ಕಂಪನಿಯವರು ಕೈ ಹಾಕೋದು ಇದಕ್ಕೇನೇ, ಓನರ್‌ಗಳು ಬದಲಾಯಿಸ್ಕೊಳ್ಳೋದೂ ಇದನ್ನೇ. ಆದ್ರೆ ರೂಫು, ಡೋರು, ಪಿಲ್ಲರು (ರೂಫ್ ಹೊರೋ ಕಂಬಗಳು) ಇವೆಲ್ಲ ದೊಡ್ಡ ದೊಡ್ಡ ಅಚ್ಚಲ್ಲಿ ಒತ್ತಿ ತೆಗೆಯೋ ತಗಡು, ಆ ಅಚ್ಚು ಮಾಡ್ಸೋಕೆ ವಿಪರೀತ ದುಡ್ಡು, ಹಾಗಾಗಿ ಒಂದು ಸಲ ಮಾಡ್ಸಿದ್ರೆ ಆ ಜನರೇಶನ್ ಮುಗಿಯೋವರೆಗೂ ಅದನ್ನ ಮುಟ್ಟೋ ಹಾಗಿಲ್ಲ. ಸೊ, ಕಾರಿನ ಪಕ್ಕಕ್ಕೆ ಬಂದು ಐದಾರು ಹೆಜ್ಜೆ ಹಿಂದೆ ಸರಿದು ನಿಂತ್ಕೊಳ್ಳಿ. ಮೂರು ವಿಷ್ಯ ನೋಡಿ: ಮುಂದಿನ ಗ್ಲಾಸ್ ಎಲ್ಲಿಂದ ಏಳತ್ತೆ ಅನ್ನೋದು, ರೂಫ್ ಹಿಂದಕ್ಕೆ ಹೋಗಿ ಡಿಕ್ಕಿಗೆ ಹೇಗೆ ಸೇರತ್ತೆ ಅನ್ನೋದು, ಡೋರ್ ಮೇಲೆ ಗೆರೆಗಳು ಎಲ್ಲಿಂದ ಎಲ್ಲಿಗೆ ಓಡ್ತವೆ ಅನ್ನೋದು. ಆಮೇಲೆ ಹಿಂದೆ ಹೋಗಿ, ಆಮೇಲೆ ಒಳಗೆ ನೋಡಿ, ಮುಖ ಎಲ್ಲಕ್ಕಿಂತ ಕೊನೆಗೆ.

ಶುರು ಮಾಡೋಕೆ ಮುಂಚೆ ಒಂದು ಕನ್‌ಫ್ಯೂಷನ್ ಕ್ಲಿಯರ್ ಮಾಡ್ಕೊಳ್ಳಿ. ನಮ್ಮ ಲೆಕ್ಕದಲ್ಲಿ 1998ರದ್ದು ಫಸ್ಟ್ ಜನರೇಶನ್, ಜಪಾನ್ ಲೆಕ್ಕದಲ್ಲಿ ಅದು ಮೂರನೇದು. ಅಲ್ಲಿ 1981ರಲ್ಲೇ ಸಿಟಿ ಅಂತ ಒಂದು ಪುಟ್ಟ ಹ್ಯಾಚ್‌ಬ್ಯಾಕ್ ಬಂದಿತ್ತು, ಅದರ ಡಿಕ್ಕಿಲಿ ಮಡಚಿ ಇಡೋಕೆ ಅಂತ್ಲೇ ಮೋಟೋಕಾಂಪೋ ಅಂತ ಸೂಟ್‌ಕೇಸ್ ಥರದ ಒಂದು ಸ್ಕೂಟರ್ ಕೂಡ ಮಾಡಿದ್ರು, ಅದರ ಫೋಟೋ ಹುಡುಕಿ ನೋಡಿ, ನಗು ಬರತ್ತೆ. ಸೆಡಾನ್ ಆಗಿದ್ದು 1996ರಲ್ಲಿ, ಏಷ್ಯಾ ಮಾರ್ಕೆಟ್‌ಗೋಸ್ಕರ. ಹಾಗಾಗಿ 2020ರ ಸಿಟಿನ ಒಬ್ರು ಐದನೇದು ಅಂತಾರೆ, ಇನ್ನೊಬ್ರು ಏಳನೇದು ಅಂತಾರೆ, ಇಬ್ರೂ ಸರಿನೇ. ಸ್ಪೇರ್ ಆರ್ಡರ್ ಮಾಡುವಾಗ ಜನರೇಶನ್ ನಂಬರ್ ಹೇಳೋ ಬದಲು ವರ್ಷ, ಎಂಜಿನ್ ಹೇಳೋದು ಸೇಫ್.

1998ರದ್ದನ್ನ ಗುರುತಿಸೋದು ಮಗೂಗೂ ಬರತ್ತೆ. ಡ್ರಾಯಿಂಗ್ ಕ್ಲಾಸಲ್ಲಿ ಕಾರ್ ಬರಿ ಅಂದ್ರೆ ಹೇಗೆ ಬರೀತಿದ್ವೋ ಹಾಗೇ ಇದೆ, ಮುಂದೆ ಒಂದು ಡಬ್ಬ, ಮಧ್ಯೆ ಒಂದು ಡಬ್ಬ, ಹಿಂದೆ ಒಂದು ಡಬ್ಬ. ಬಾನೆಟ್ ತಗ್ಗು, ಗ್ಲಾಸ್ ದೊಡ್ಡದು, ಪಿಲ್ಲರ್ ಸಣ್ಣಕ್ಕೆ ಕಡ್ಡಿ ಥರ, ಒಳಗೆ ಕೂತ್ರೆ ನೆಲದ ಮೇಲೆ ಕಾಲು ಚಾಚಿ ಕೂತ ಹಾಗಿರತ್ತೆ. ಅಡಿಪಾಯ ಹಳೇ ಸಿವಿಕ್ ಕಾರಿಂದು, ಅದಕ್ಕೇ ಅಷ್ಟು ತಗ್ಗು. 2000ದಲ್ಲಿ ಮುಖ ಸ್ವಲ್ಪ ದುಂಡಗಾಯ್ತು, ಅದಾದ್ಮೇಲೆ ವಿಟೆಕ್ ಅಂತ 106 ಪಿಎಸ್ (ಹಾರ್ಸ್‌ಪವರ್ ಥರದ್ದೇ ಪವರ್ ಲೆಕ್ಕ) ಎಂಜಿನ್ ಬಂತು, ಇವತ್ತಿಗೂ ಆ ವಿಟೆಕ್ ಸಿಕ್ಕಿದ್ರೆ ಬಿಡಬಾರದು ಅನ್ನೋ ಜನ ಇದಾರೆ. ಗ್ರೇಟರ್ ನೋಯ್ಡಾ ಫ್ಯಾಕ್ಟರಿಲಿ ಹೋಂಡಾ ಇಲ್ಲಿ ಮೊದ್ಲು ಮಾಡಿದ ಕಾರು ಇದೇ.

ಈಗ 2003ಕ್ಕೆ ಬನ್ನಿ, ಇಲ್ಲೇ ಮಜಾ ಇರೋದು. ಪಕ್ಕದಿಂದ ನೋಡಿದ್ರೆ ಇದು ಅದೇ ಹೆಸರಿನ ಕಾರು ಅಂತ ನಂಬೋಕೇ ಆಗಲ್ಲ. ಬಾನೆಟ್ ಗಿಡ್ಡ ಆಗೋಯ್ತು, ಮುಂದಿನ ಗ್ಲಾಸ್ ಮುಂದಕ್ಕೆ ಬಂತು, ರೂಫ್ ಮೇಲೆದ್ದು ಬಿಲ್ಲಿನ ಥರ ಬಾಗಿ ಹಿಂದಕ್ಕೆ ಇಳಿಯತ್ತೆ. ನಂಗಂತೂ ಆಗ ನೋಡಿದಾಗ ಯಾರೋ ಕಾರಿನ ಮೂಗನ್ನ ಒಳಗೆ ತಳ್ಳಿದಾರೆ ಅನ್ನಿಸಿತ್ತು. ಆದ್ರೆ ಅದಕ್ಕೆ ಕಾರಣ ಇದೆ. ಈ ಕಾರು ಹೋಂಡಾದ್ದೇ ಹ್ಯಾಚ್‌ಬ್ಯಾಕ್ ಜಾಝ್‌ದ ಪ್ಲಾಟ್‌ಫಾರ್ಮ್ ಮೇಲೆ ಕೂತಿದ್ದು, ಅದರಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಹಿಂದಿನ ಸೀಟ್ ಕೆಳಗಲ್ಲ, ಮುಂದಿನ ಸೀಟ್‌ಗಳ ಕೆಳಗೆ. ಟ್ಯಾಂಕ್ ಅಲ್ಲಿ ಹೋದ ಮೇಲೆ ಹಿಂದೆ ಜಾಗ ಖಾಲಿ ಆಯ್ತು, ಸೀಟ್ ಎತ್ತರ ಆಯ್ತು, ಸೀಟ್ ಎತ್ತರ ಆದ್ರೆ ರೂಫ್ ಏಳ್ಲೇಬೇಕಲ್ವಾ. ತಮಾಷೆ ನೋಡಿ, ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ದೂರ, 2500 ಎಂಎಂ ಇದ್ದಿದ್ದು 2450ಕ್ಕೆ ಇಳೀತು, ಆದ್ರೂ ಒಳಗೆ ಜಾಗ ಜಾಸ್ತಿ. ಮನೇಲಿ ಮಂಡಿನೋವು ಇರೋ ಹಿರಿಯರನ್ನ ಹಳೇ ಸಿಟಿಗೂ ಇದಕ್ಕೂ ಹತ್ಸಿ ಇಳ್ಸಿ ನೋಡಿ, ವ್ಯತ್ಯಾಸ ಅವ್ರೇ ಹೇಳ್ತಾರೆ.

ಇದರ ಎಂಜಿನ್‌ಗೂ ಒಂದು ಗುರುತಿದೆ. ಬಾನೆಟ್ ಎತ್ತಿ, ಐ-ಡಿಎಸ್ಐ ಅಂತ ಬರೆದಿದ್ರೆ ಅದರಲ್ಲಿ ಒಂದೊಂದು ಸಿಲಿಂಡರ್‌ಗೂ ಎರಡೆರಡು ಸ್ಪಾರ್ಕ್ ಪ್ಲಗ್, ಒಟ್ಟು ಎಂಟು. ಮುಂದಿನ ನಾಲ್ಕು ಈಸಿಯಾಗಿ ಸಿಗತ್ತೆ, ಹಿಂದಿನ ನಾಲ್ಕಕ್ಕೆ ಕೈ ಹಾಕೋದೇ ಕಷ್ಟ, ಅದಕ್ಕೇ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ "ಪ್ಲಗ್ ಬದಲಾಯಿಸಿದೀವಿ" ಅಂದ್ರೆ "ಎಂಟೂನಾ?" ಅಂತ ಒಂದು ಮಾತು ಕೇಳಿ. ಮೈಲೇಜ್ ಚೆನ್ನಾಗಿ ಬರ್ತಿತ್ತು, ಪವರ್ ಮಾತ್ರ 77 ಪಿಎಸ್, ಹಳೇ ವಿಟೆಕ್ ಓಡಿಸಿದ್ದವ್ರು ಬೈಕೊಂಡ್ರು, ಆಮೇಲೆ ವಿಟೆಕ್ ವಾಪಸ್ ತಂದ್ರು.

2005ರಲ್ಲಿ ಝಡ್ಎಕ್ಸ್ ಅಂತ ಬಂತು, ನಾನು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಮೂಗು ಉದ್ದ ಆಯ್ತು, ಲೈಟ್ ಬದಲಾಯ್ತು, ಬಂಪರ್ ಬದಲಾಯ್ತು, ಜನ ಹೊಸ ಕಾರೇ ಬಂತು ಅಂದ್ಕೊಂಡ್ರು, ಆದ್ರೆ ಮುಂದಿನ ಭಾಗ ಕೈಯಲ್ಲಿ ಮುಚ್ಚಿ ನೋಡಿ, ರೂಫು ಡೋರು ಎಲ್ಲ ಅದೇ 2003ರದ್ದು. ನಾನೂ ಇದರಲ್ಲಿ ಮೋಸ ಹೋದವ್ನೇ. ನಮ್ ಚಿಕ್ಕಪ್ಪ ಒಂದು ಸಿಟಿ ತೋರ್ಸೋಕೆ ಕರ್ಕೊಂಡು ಹೋಗಿದ್ರು, ನಾನು ಮುಂದೆ ನಿಂತು ದೊಡ್ಡ ಪಂಡಿತನ ಥರ "ಝಡ್ಎಕ್ಸ್ ಚಿಕ್ಕಪ್ಪಾ, 2006 ಇರ್ಬೇಕು" ಅಂದೆ, ಅವ್ರು ಏನೂ ಮಾತಾಡ್ದೆ ಹಿಂದೆ ಹೋಗಿ ಡಿಕ್ಕಿ ತಟ್ಟಿ "ಹಂಗಾದ್ರೆ ಈ ಲೈಟ್ ಯಾವ್ದೋ ಮಾರಾಯ" ಅಂದ್ರು. ಹಿಂದಿನ ಲೈಟು 2003ರದ್ದೇ. ಮುಂದೆ ಎಲ್ಲೋ ಗುದ್ದಿ, ರಿಪೇರಿಗೆ ಬಿಟ್ಟಾಗ ಝಡ್ಎಕ್ಸ್ ಮುಖ ಕೂರ್ಸಿದ್ರು. ಆರ್‌ಸಿ ತೆಗೆಸಿ ನೋಡಿದ್ರೆ 2004.

2008ರದ್ದು ನನ್ನ ಫೇವರಿಟ್, ಅದನ್ನ ಮುಚ್ಚಿಡಲ್ಲ. ಡಿಸೈನ್‌ಗೆ ಕಂಪನಿ ಇಟ್ಟ ಹೆಸರು ಆರೋ ಶಾಟ್, ಬಿಟ್ಟ ಬಾಣ ಅಂತ. ಪಕ್ಕದಲ್ಲಿ ನಿಂತು ಮುಂದಿನ ಚಕ್ರದ ಮೇಲಿಂದ ಹಿಡಿದು ನೋಡಿ, ಒಂದೇ ಗೆರೆ ಸ್ವಲ್ಪ ಸ್ವಲ್ಪನೇ ಏರ್ತಾ ಟೈಲ್ ಲ್ಯಾಂಪ್‌ವರೆಗೆ ಹೋಗತ್ತೆ, ಕಾರು ನಿಂತಿದ್ರೂ ಮುಂದಕ್ಕೆ ಬಾಗಿ ಓಡೋಕೆ ರೆಡಿ ಇದೆ ಅನ್ನಿಸತ್ತೆ. 2003ರ ಗಿಡ್ಡ ಮೂಗಿನ ಪಕ್ಕ ಇದನ್ನ ನಿಲ್ಸಿದ್ರೆ ಅಣ್ಣತಮ್ಮ ಅಂತ ಯಾರೂ ಹೇಳಲ್ಲ. ವೀಲ್‌ಬೇಸ್ 2550, ಎಂಜಿನ್ 118 ಪಿಎಸ್. ಪ್ರಾಬ್ಲಂ ಒಂದೇ, ಡೀಸೆಲ್ ಇರ್ಲಿಲ್ಲ. 2010ರ ಜೂನಲ್ಲಿ ಪೆಟ್ರೋಲ್ ರೇಟಿನ ಮೇಲಿನ ಸರ್ಕಾರದ ಹಿಡಿತ ಹೋಯ್ತು, ಡೀಸೆಲ್‌ದು ಇನ್ನೂ ಇತ್ತು, ಎರಡರ ನಡುವೆ ಅಂತರ ಬೆಳೀತಾ ಹೋಯ್ತು, ಜನ ಹ್ಯುಂಡೈಯವ್ರ ಡೀಸೆಲ್ ವರ್ನಾ ಕಡೆ ಹೋದ್ರು. 2011ರ ಕೊನೇಲಿ ಫೇಸ್‌ಲಿಫ್ಟ್ ಮಾಡಿದ್ರು, ಬಂಪರ್ ಗ್ರಿಲ್ ಅಷ್ಟೇ, ಎರಡನ್ನೂ ಪಕ್ಕ ಪಕ್ಕ ನಿಲ್ಸದೆ ಹೇಳೋದು ಕಷ್ಟ.

2014ರದ್ದು ಬಂದಿದ್ದು ಆ ಡೀಸೆಲ್ ಕೊರತೆ ತುಂಬಿಸ್ಕೊಂಡೇ, 1.5 ಲೀಟರ್, 100 ಪಿಎಸ್, ಡಿಕ್ಕಿ ಮೇಲೆ ಐ-ಡಿಟೆಕ್ ಬ್ಯಾಡ್ಜ್. ಆದ್ರೆ ಡೀಸೆಲ್ ರೇಟೂ ಅದೇ ವರ್ಷ ಅಕ್ಟೋಬರಲ್ಲಿ ಸರ್ಕಾರದ ಕೈಬಿಟ್ಟು ಹೋಯ್ತು, ಟೈಮಿಂಗ್ ಅಂದ್ರೆ ಇದು. ಗುರುತಿಸೋ ವಿಷ್ಯಕ್ಕೆ ಬಂದ್ರೆ ಎಲ್ರೂ ತಡಬಡಾಯಿಸೋದು ಇಲ್ಲೇ, ಯಾಕಂದ್ರೆ ದೂರದಿಂದ 2008ರದ್ದೂ ಇದೂ ಒಂದೇ ಮನೆಯವ್ರ ಥರ ಕಾಣ್ತವೆ. ಡೋರ್ ಮೇಲೆ ಬಿಸಿಲು ಬೀಳೋ ಹಾಗೆ ನಿಂತು ನೋಡಿ, ಇದರ ಗೆರೆಗಳು ಚಾಕುವಲ್ಲಿ ಕೊರೆದ ಹಾಗೆ ಚೂಪು, ಹಳೇದ್ರಲ್ಲಿ ಮೆತ್ತಗಿರತ್ತೆ. ವೀಲ್‌ಬೇಸ್ 2600 ಆಯ್ತಲ್ಲ, ಆ ಜಾಗ ಎಲ್ಲ ಹೋಗಿದ್ದು ಹಿಂದೆ ಕೂರೋರ ಕಾಲಿಗೆ. ಡೌಟ್ ಇದ್ರೆ ಒಳಗೆ ಇಣುಕಿ, ಮುಂದಿನ ಎರಡು ಸೀಟಿನ ಮಧ್ಯೆ ಹಿಂದಿನವ್ರಿಗೆ ಎಸಿ ಕಿಂಡಿ ಇದ್ಯಾ, ಮೇಲಿನ ವೇರಿಯಂಟ್ ಆದ್ರೆ ಎಸಿಗೆ ತಿರುಗಿಸೋ ನಾಬ್ ಇಲ್ದೆ ಬೆರಳಲ್ಲಿ ಮುಟ್ಟೋ ಪ್ಯಾನಲ್ ಇದ್ಯಾ, ಇದ್ರೆ 2014ರದ್ದು. 2017ರ ಫೇಸ್‌ಲಿಫ್ಟ್‌ನಲ್ಲಿ ಟಾಪ್ ವೇರಿಯಂಟ್‌ಗೆ ಎಲ್ಇಡಿ ಹೆಡ್‌ಲೈಟ್ ಬಂತು.

2020ರ ಜುಲೈದು ದೊಡ್ಡ ಕಾರು. ಉದ್ದ 4440 ಎಂಎಂ ಇದ್ದಿದ್ದು 4549 ಆಯ್ತು, ಅಗಲ 1695ರಿಂದ 1748ಕ್ಕೆ ಹೋಯ್ತು, ಆದ್ರೆ ವೀಲ್‌ಬೇಸ್ ಮಾತ್ರ ಅದೇ 2600. ಹಂಗಾದ್ರೆ ಬೆಳೆದ ನೂರು ಚಿಲ್ಲರೆ ಎಂಎಂ ಎಲ್ಲಿ ಹೋಯ್ತು? ಚಕ್ರದ ಆಚೆಗೆ, ಮೂಗು ಮತ್ತೆ ಡಿಕ್ಕಿಗೆ. ಪಕ್ಕದಿಂದ ನೋಡಿದ್ರೆ ಏರೋ ಬಾಣ ಇಲ್ಲ, ಹೆಡ್‌ಲೈಟಿಂದ ಟೈಲ್ ಲ್ಯಾಂಪ್‌ವರೆಗೆ ದಾರ ಎಳೆದ ಹಾಗೆ ನೆಟ್ಟಗಿನ ಗೆರೆ, ಬಾನೆಟ್ ಎತ್ತರಕ್ಕೆ ಚಪ್ಪಟೆ. ಹಿಂದೆ ಹೋದ್ರೆ ಇಂಗ್ಲಿಷಿನ ಝಡ್ ಅಕ್ಷರದ ಥರದ ಎಲ್ಇಡಿ ಲೈಟು, ರಾತ್ರಿ ಅರ್ಧ ಕಿಲೋಮೀಟರ್ ದೂರದಿಂದ್ಲೇ ಗೊತ್ತಾಗತ್ತೆ. ಎಡಗಡೆ ಕನ್ನಡಿ ಕೆಳಗೆ ಬಗ್ಗಿ ನೋಡಿ, ಒಂದು ಪುಟ್ಟ ಕ್ಯಾಮೆರಾ ಇದ್ರೆ ಅದು ಲೇನ್‌ವಾಚ್ (ಎಡಗಡೆ ಏನಿದೆ ಅಂತ ಒಳಗಿನ ಸ್ಕ್ರೀನಲ್ಲಿ ತೋರ್ಸೋದು) ಇರೋ ವೇರಿಯಂಟ್.

ಇಲ್ಲಿ ಒಂದು ಹಳ್ಳ ಇದೆ, ಬೀಳ್ಬೇಡಿ. ಹೊಸದು ಬಂದ್ಮೇಲೂ ಹಳೇ 2014ರ ಶೇಪ್‌ನ ಕಡಿಮೆ ರೇಟಿಗೆ ಪಕ್ಕದಲ್ಲೇ ಇಟ್ಟು ಮಾರ್ತಾ ಇದ್ರು. ಹಾಗಾಗಿ ಜಾಹೀರಾತಲ್ಲಿ "2021 ಸಿಟಿ" ಅಂತ ಇದ್ರೆ ಅದು ಹೊಸ ಶೇಪೇ ಅಂತ ಗ್ಯಾರಂಟಿ ಇಲ್ಲ, ಪಕ್ಕದಿಂದ ತೆಗೆದ ಫೋಟೋ ಕಳ್ಸಿ ಅಂತ ಕೇಳಿ.

2022ರಲ್ಲಿ ಹೈಬ್ರಿಡ್ ಬಂತು, ಇ-ಎಚ್ಇವಿ ಅಂತ, ಕಂಪನಿ ಲೆಕ್ಕದಲ್ಲಿ ಲೀಟರ್‌ಗೆ 26.5 ಕಿಲೋಮೀಟರ್. ಬ್ಯಾಡ್ಜ್ ಯಾರು ಬೇಕಾದ್ರೂ ಅಂಟಿಸ್ಬಹುದು, ಡಿಕ್ಕಿ ಓಪನ್ ಮಾಡಿ. ಮಾಮೂಲಿ ಪೆಟ್ರೋಲ್ ಸಿಟಿಲಿ 506 ಲೀಟರ್ ಜಾಗ, ಹೈಬ್ರಿಡ್‌ಲಿ ಬ್ಯಾಟರಿ ಬಂದು ಕೂತು 306 ಲೀಟರ್, ನೆಲ ಮೇಲೆ ಬಂದಿರೋದು ಕಣ್ಣಿಗೇ ಕಾಣತ್ತೆ. 2023ರ ಮಾರ್ಚಲ್ಲಿ ಮತ್ತೆ ಫೇಸ್‌ಲಿಫ್ಟ್, ಏಪ್ರಿಲಿಂದ ಹೊಗೆ ನಿಯಮ ಇನ್ನೂ ಬಿಗಿ ಆಗೋದಿತ್ತು, ಡೀಸೆಲ್‌ಗೆ ಟಾಟಾ ಹೇಳಿದ್ರು.

ಕಣ್ಣು ಪಳಗಿಸ್ಕೊಳ್ಳೋಕೆ ಒಂದು ಆಟ ಹೇಳ್ತೀನಿ. ಮೊಬೈಲಲ್ಲಿ ಐದೂ ಸಿಟಿಗಳ ಪಕ್ಕದ ಫೋಟೋ ಇಟ್ಕೊಂಡು ಮುಂದಿನ ಬಂಪರ್ ಮೇಲೆ ಒಂದು ಹೆಬ್ಬೆರಳು, ಹಿಂದಿನ ಬಂಪರ್ ಮೇಲೆ ಇನ್ನೊಂದು ಹೆಬ್ಬೆರಳು ಇಟ್ಟು, ಮಧ್ಯದ ಭಾಗ ಮಾತ್ರ ನೋಡಿ ವರ್ಷ ಹೇಳೋಕೆ ಟ್ರೈ ಮಾಡಿ. ಎರಡು ದಿನ ಆಡಿದ್ರೆ ಸಾಕು, ಆಮೇಲೆ ಸಿಗ್ನಲಲ್ಲಿ ನಿಂತಾಗ ತಾನಾಗೇ ಬಾಯಿಗೆ ಬರತ್ತೆ, ಜೊತೇಲಿ ಕೂತವ್ರಿಗೆ ತಲೆನೋವು. ಹಾಗೇ ಐದರ ಪಿಲ್ಲರ್‌ಗಳನ್ನೂ ಹೋಲಿಸಿ ನೋಡಿ, ದಪ್ಪ ಆಗ್ತಾ ಬಂದಿವೆ, ಅಪಘಾತದಲ್ಲಿ ರೂಫ್ ಕುಸೀಬಾರದು, ಜೊತೆಗೆ ಪಕ್ಕದ ಏರ್‌ಬ್ಯಾಗ್‌ಗೂ ಜಾಗ ಬೇಕು. 1998ರದ್ರಲ್ಲಿ ಸಿಗ್ತಿದ್ದ ಸುತ್ತಮುತ್ತಲಿನ ನೋಟ ಮತ್ತೆ ಸಿಗಲ್ಲ ಅನ್ನೋದು ನನ್ನ ಸಣ್ಣ ಬೇಜಾರು.

ಜನರೇಶನ್ ಗೊತ್ತಾದ್ಮೇಲೆ ಕರೆಕ್ಟ್ ವರ್ಷ ಬೇಕು ಅಂದ್ರೆ ಆರ್‌ಸಿಲಿ ತಯಾರಾದ ತಿಂಗಳು, ವರ್ಷ ಎರಡೂ ಇರತ್ತೆ, ರಿಜಿಸ್ಟ್ರೇಶನ್ ದಿನಾಂಕಕ್ಕೂ ಅದಕ್ಕೂ ಗ್ಯಾಪ್ ಎಷ್ಟಿದೆ ನೋಡ್ಕೊಳ್ಳಿ. ಆಮೇಲೆ ಕಾರ್ ಸುತ್ತ ಒಂದು ರೌಂಡ್ ಹಾಕಿ ಪ್ರತಿ ಗ್ಲಾಸಿನ ಮೂಲೇಲಿ ಸಣ್ಣಕ್ಕೆ ಅಚ್ಚು ಹಾಕಿರೋದನ್ನ ಓದಿ, ಗ್ಲಾಸ್ ಕಂಪನಿ ಹೆಸರು, ಪಕ್ಕದಲ್ಲಿ ವರ್ಷದ ಗುರುತು ಇರತ್ತೆ. ಎಲ್ಲ ಒಂದೇ ಥರ ಇದ್ದು ಒಂದು ಡೋರ್‌ದು ಮಾತ್ರ ಬೇರೆ ಇದ್ರೆ ಆ ಡೋರ್ ತೆಗೆದು ಒಳ ಅಂಚಲ್ಲಿ ಪೇಂಟ್ ಮೇಲೆ ಬೆರಳಾಡಿಸಿ, ಟಿಂಕರಿಂಗ್ (ತಗಡಿನ ರಿಪೇರಿ) ಆಗಿದ್ರೆ ಅಲ್ಲಿ ತರಿ ತರಿ ಸಿಗತ್ತೆ, ರೇಟ್ ಮಾತಾಡೋದು ಆಮೇಲೆ.